ಟೊಕುಯಿ ಕಟಾ

ಟೊಕುಯಿ ಕಟಾ ಎಂದರೆ ಕರಾಟೆ ಅಭ್ಯಾಸಿಯು ತನಗೆ ಒಗ್ಗುವುದೆಂದು ಆರಿಸಿಕೊಂಡು, ಉಳಿದ ಎಲ್ಲವುಗಳಿಗಿಂತ ಹೆಚ್ಚು ಕಾಲ ಮತ್ತು ಹೆಚ್ಚು ಆಳವಾಗಿ ಸಾಧನೆ ಮಾಡುವ ಮೆಚ್ಚಿನ ಕಟಾ. ಕಾಣದ ಎದುರಾಳಿಗಳನ್ನು ಕಲ್ಪಿಸಿಕೊಂಡು, ಮೊದಲೇ ಗೊತ್ತುಪಡಿಸಿದ ಕ್ರಮದಲ್ಲಿ ತಡೆ, ಗುದ್ದು, ಒದೆತ, ಹಿಡಿತ ಮತ್ತು ತಿರುವುಗಳನ್ನು ಒಬ್ಬರೇ ಮಾಡುವ ಚಲನೆಗಳ ಸರಣಿಗೆ ಕಟಾ ಎಂದು ಹೆಸರು. ಕರಾಟೆಯ ಪ್ರತಿಯೊಂದು ಶೈಲಿಯಲ್ಲಿಯೂ ಹಲವು ಕಟಾಗಳಿವೆ. ಅವೆಲ್ಲವನ್ನೂ ಕಲಿಯುವುದು ಸಾಧ್ಯವಾದರೂ ಎಲ್ಲವನ್ನೂ ಸಮಾನವಾಗಿ ಅರಗಿಸಿಕೊಳ್ಳುವುದು ಒಂದು ಆಯುಷ್ಯದಲ್ಲಿ ಕಷ್ಟವೆಂಬ ಅರಿವಿನಿಂದ ಈ ಪರಿಕಲ್ಪನೆ ಬೆಳೆದುಬಂದಿದೆ. ಇಂದು ಈ ಪದವು ವೈಯಕ್ತಿಕ ಸಾಧನೆಯಲ್ಲಿ, ಕಪ್ಪು ಪಟ್ಟಿಯ ಪರೀಕ್ಷೆಯಲ್ಲಿ ಮತ್ತು ಸ್ಪರ್ಧಾಕಣದಲ್ಲಿ ಬಳಕೆಯಲ್ಲಿದೆ. ಮೂರು ಕಡೆಗಳಲ್ಲಿಯೂ ಅದರ ಅರ್ಥ ಒಂದೇ ಆಗಿಲ್ಲ.

ಪದದ ಅರ್ಥ

ಜಪಾನಿ ಭಾಷೆಯಲ್ಲಿ ‘ಟೊಕುಯಿ’ ಎಂಬುದು ದಿನಬಳಕೆಯ ಮಾತು. ಒಬ್ಬ ವಿದ್ಯಾರ್ಥಿಗೆ ಗಣಿತವು ಚೆನ್ನಾಗಿ ಬರುತ್ತದೆ ಎನ್ನುವಾಗ, ಒಬ್ಬ ಗೃಹಿಣಿಯ ಕೈಯಲ್ಲಿ ಒಂದು ಅಡುಗೆ ವಿಶೇಷವಾಗಿ ರುಚಿಯಾಗುತ್ತದೆ ಎನ್ನುವಾಗ ಇದೇ ಶಬ್ದವನ್ನು ಬಳಸುತ್ತಾರೆ. ಅದನ್ನು ಬರೆಯುವ ಎರಡು ಅಕ್ಷರಗಳಲ್ಲಿ ಮೊದಲನೆಯದಕ್ಕೆ ‘ಪಡೆಯುವುದು’ ಎಂದೂ ಎರಡನೆಯದಕ್ಕೆ ‘ಮನಸ್ಸು, ಆಶಯ’ ಎಂದೂ ಅರ್ಥ. ಆದ್ದರಿಂದ ‘ಮೆಚ್ಚಿನ ಕಟಾ’ ಎಂಬ ಅನುವಾದ ಅರ್ಧ ಮಾತ್ರ ಸರಿ. ಕೈ ಪಳಗಿದ, ಮೈಗೂಡಿದ ಕಟಾ ಎನ್ನುವುದು ಮೂಲಾರ್ಥಕ್ಕೆ ಹೆಚ್ಚು ಹತ್ತಿರ. ನೋಡಲು ಇಷ್ಟವಾದದ್ದೆಲ್ಲ ಟೊಕುಯಿ ಆಗುವುದಿಲ್ಲ. ಜೂಡೊ ಕ್ರೀಡೆಯಲ್ಲಿ ಪಟುವಿನ ಪಳಗಿದ ಪಟ್ಟಿಗೆ ‘ಟೊಕುಯಿ ವಾಜಾ’ ಎನ್ನುವುದೂ ಇದೇ ಬಳಕೆ.

‘ಕಟಾ’ ಶಬ್ದವನ್ನು ಬರೆಯಲು ಜಪಾನಿ ಭಾಷೆಯಲ್ಲಿ ಎರಡು ಅಕ್ಷರಗಳುಂಟು. ಒಂದಕ್ಕೆ ಅಚ್ಚು ಎಂಬ ಅರ್ಥವಿದ್ದರೆ ಇನ್ನೊಂದಕ್ಕೆ ಆಕಾರ ಎಂಬ ಅರ್ಥವಿದೆ. ಜಪಾನಿಗಳ ಉಚ್ಚಾರಣೆಯಲ್ಲಿ ಇದು ‘ಕತ’ ಎಂಬುದಕ್ಕೆ ಹತ್ತಿರವಾಗಿದ್ದು, ಸಮಾಸಪದದಲ್ಲಿ ‘ಟೊಕುಯಿ-ಗಟಾ’ ಎಂದಾಗುತ್ತದೆ. ಕನ್ನಡ ಪತ್ರಿಕೆಗಳ ಕ್ರೀಡಾ ವರದಿಗಳಲ್ಲಿ ‘ಕಟಾ’ ಮತ್ತು ‘ಕುಮಿಟೆ’ (ಇಬ್ಬರ ನಡುವಣ ಹೋರಾಟ) ಎಂಬ ರೂಪಗಳೇ ರೂಢಿಯಲ್ಲಿರುವುದರಿಂದ ಈ ಲೇಖನದಲ್ಲಿಯೂ ಅವನ್ನೇ ಬಳಸಲಾಗಿದೆ.

ಹಿನ್ನೆಲೆ

ಕರಾಟೆಯ ತವರು ಜಪಾನಿನ ದಕ್ಷಿಣಕ್ಕಿರುವ ಓಕಿನಾವಾ ದ್ವೀಪ. ಹಿಂದೆ ರ‍್ಯೂಕ್ಯೂ ಎಂಬ ಪ್ರತ್ಯೇಕ ರಾಜ್ಯವಾಗಿದ್ದ ಈ ದ್ವೀಪವು ಚೀನಾದೊಂದಿಗೆ ನಿಕಟ ಸಂಬಂಧ ಹೊಂದಿತ್ತು. ಅನೇಕ ಕಟಾಗಳ ಹೆಸರುಗಳಲ್ಲಿ ಆ ಸಂಬಂಧದ ಗುರುತು ಉಳಿದಿದೆ. ಸೇಸಾನ್ ಎಂದರೆ ಹದಿಮೂರು, ಸೇಪಾಯ್ ಎಂದರೆ ಹದಿನೆಂಟು, ಸಾನ್‌ಸೇರು ಎಂದರೆ ಮೂವತ್ತಾರು. ಸೂಪಾರಿಂಪೇ ಎಂದರೆ ನೂರೆಂಟು, ನಮ್ಮ ಜಪಮಾಲೆಯ ಮಣಿಗಳಷ್ಟೇ. ಈ ಸಂಖ್ಯೆಗಳೆಲ್ಲ ಚೀನೀ ಉಚ್ಚಾರಣೆಯ ಓಕಿನಾವಾ ರೂಪಗಳು. ಅವು ಚಲನೆಗಳ ಎಣಿಕೆಯೋ, ಬೌದ್ಧ ಸಂಕೇತವೋ ಎಂಬುದರ ಬಗ್ಗೆ ಬಲ್ಲವರಲ್ಲಿ ಒಮ್ಮತವಿಲ್ಲ.

ಹತ್ತೊಂಬತ್ತನೆಯ ಶತಮಾನದ ಓಕಿನಾವಾದಲ್ಲಿ ಕರಾಟೆಗೆ ಪಠ್ಯಪುಸ್ತಕವಾಗಲಿ ತರಗತಿಯಾಗಲಿ ಇರಲಿಲ್ಲ. ಗುರುವು ಮನೆಯ ಅಂಗಳದಲ್ಲಿ, ಹಲವೊಮ್ಮೆ ರಾತ್ರಿಯ ಹೊತ್ತು, ಬೆರಳೆಣಿಕೆಯ ಶಿಷ್ಯರಿಗೆ ಕಲಿಸುತ್ತಿದ್ದನು. ಒಬ್ಬ ಗುರುವಿನ ಬಳಿ ಇರುತ್ತಿದ್ದುದೇ ಎರಡು ಮೂರು ಕಟಾಗಳು. ‘ಹಿಟೊ ಕಟಾ ಸಾನ್ ನೆನ್’, ಅಂದರೆ ಒಂದು ಕಟಾಕ್ಕೆ ಮೂರು ವರ್ಷ ಎಂಬ ಮಾತು ಆ ಕಾಲದ ಪದ್ಧತಿಯನ್ನು ಸೂಚಿಸುತ್ತದೆ. ಅಂಥ ಪರಿಸರದಲ್ಲಿ ‘ನಿನ್ನ ಮೆಚ್ಚಿನ ಕಟಾ ಯಾವುದು’ ಎಂಬ ಪ್ರಶ್ನೆಗೆ ಹೆಚ್ಚಿನ ಅರ್ಥವಿರಲಿಲ್ಲ. ಗುರು ಕೊಟ್ಟದ್ದೇ ಶಿಷ್ಯನ ಕಟಾ.

ಈ ಸ್ಥಿತಿ ಬದಲಾದದ್ದು ಅಂಕೊ ಇಟೊಸು (1831–1915) ಅವರ ಕಾಲದಲ್ಲಿ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅವರು ಕರಾಟೆಯನ್ನು ಓಕಿನಾವಾದ ಶಾಲೆಗಳಿಗೆ ತಂದರು. ದೀರ್ಘವಾದ ಹಳೆಯ ಕಟಾಗಳು ಶಾಲಾಮಕ್ಕಳಿಗೆ ಭಾರವಾಗುವುದರಿಂದ ‘ಪಿನಾನ್’ ಎಂಬ ಐದು ಚಿಕ್ಕ ಕಟಾಗಳನ್ನು ರೂಪಿಸಿದರು. ಕರ್ನಾಟಕ ಸಂಗೀತದಲ್ಲಿ ಸರಳೆ, ಜಂಟಿ ವರಸೆಗಳು ವಹಿಸುವ ಪಾತ್ರವನ್ನೇ ಕರಾಟೆಯಲ್ಲಿ ಈ ಐದು ಕಟಾಗಳು ವಹಿಸುತ್ತವೆ ಎನ್ನಬಹುದು. ಇಂದು ಶೋಟೊಕಾನ್ ಶೈಲಿಯಲ್ಲಿ ಇವುಗಳನ್ನು ‘ಹೇಯಾನ್’ ಎಂದು ಕರೆಯುತ್ತಾರೆ. ತರಗತಿ ಬಂದೊಡನೆ ಪಠ್ಯಕ್ರಮವೂ ಬಂದಿತು, ಕಲಿಯಬೇಕಾದ ಕಟಾಗಳ ಸಂಖ್ಯೆಯೂ ಏರಿತು. ಇಂದು ಶೋಟೊಕಾನ್ ಶೈಲಿಯಲ್ಲಿ 26 ಕಟಾಗಳಿವೆ, ಗೋಜು-ರ‍್ಯು ಶೈಲಿಯಲ್ಲಿ 12. ಕೆನ್ವಾ ಮಬುನಿ (1889–1952) ಅವರು ಸ್ಥಾಪಿಸಿದ ಶಿಟೊ-ರ‍್ಯು ಶೈಲಿಯಲ್ಲಿ ಐವತ್ತಕ್ಕೂ ಹೆಚ್ಚು. ಇದಕ್ಕೆ ತದ್ವಿರುದ್ಧವಾಗಿ ಉಯೆಚಿ-ರ‍್ಯು ಶೈಲಿಯ ಮೂಲಪುರುಷರಾದ ಕಾನ್ಬುನ್ ಉಯೆಚಿ (1877–1948) ಚೀನಾದ ಫುಜೌ ನಗರದಿಂದ ತಂದದ್ದು ಮೂರೇ ಕಟಾಗಳನ್ನು: ಸಾಂಚಿನ್, ಸೇಸಾನ್ ಮತ್ತು ಸಾನ್‌ಸೇರು. ಆ ಶೈಲಿಗೆ ಇನ್ನೂ ಐದು ಕಟಾಗಳು ಸೇರಿದ್ದು ಅವರ ಮಗನ ತಲೆಮಾರಿನಲ್ಲಿ. ಹಲವು ಕಟಾಗಳ ನಡುವೆ ಒಂದನ್ನು ತನ್ನದೆಂದು ಆರಿಸಿಕೊಳ್ಳುವ ಇಂದಿನ ಪದ್ಧತಿಗೆ ಈ ವಿಸ್ತಾರವೇ ಹಿನ್ನೆಲೆ.

ಹಿರಿಯ ಗುರುಗಳು ಮತ್ತು ಅವರ ಕಟಾಗಳು

ಮೆಚ್ಚಿನ ಕಟಾದ ವಿಷಯ ಬಂದಾಗ ಮೊದಲು ನೆನಪಾಗುವ ಹೆಸರು ಚೋಕಿ ಮೊಟೊಬು (1870–1944). ರ‍್ಯೂಕ್ಯೂ ರಾಜವಂಶಕ್ಕೆ ಸೇರಿದ ಕುಟುಂಬದಲ್ಲಿ ಹುಟ್ಟಿದ ಇವರು ಕಾದಾಟಕ್ಕೇ ಹೆಸರಾದವರು. ಐವತ್ತು ದಾಟಿದ ವಯಸ್ಸಿನಲ್ಲಿ ಕ್ಯೋಟೊ ನಗರದಲ್ಲಿ ವಿದೇಶಿ ಮುಷ್ಟಿಮಲ್ಲನೊಬ್ಬನನ್ನು ಕೆಡವಿದ ಸುದ್ದಿ 1925ರಲ್ಲಿ ‘ಕಿಂಗು’ ಎಂಬ ಜನಪ್ರಿಯ ಪತ್ರಿಕೆಯಲ್ಲಿ ಪ್ರಕಟವಾಗಿ ಇವರು ದೇಶಕ್ಕೆಲ್ಲ ಪರಿಚಿತರಾದರು. ಆ ಲೇಖನದ ಚಿತ್ರಗಳಲ್ಲಿ ಮಾತ್ರ ಮೊಟೊಬು ಅವರ ಬದಲಿಗೆ ಗಿಚಿನ್ ಫುನಾಕೋಶಿಯವರ ಮುಖ ಮೂಡಿತ್ತು. ಅಂಥ ಕಾದಾಟಗಾರ ಜೀವನದುದ್ದಕ್ಕೂ ನೆಚ್ಚಿಕೊಂಡ ಕಟಾ ‘ನೈಹಾಂಚಿ’. ಇದರಲ್ಲಿ ಹಾರುವುದಿಲ್ಲ, ಸುತ್ತುವುದಿಲ್ಲ, ಮುಂದೆ ಅಥವಾ ಹಿಂದೆ ಹೆಜ್ಜೆ ಇಡುವುದೂ ಇಲ್ಲ. ಕುದುರೆಯ ಮೇಲೆ ಕುಳಿತಂತೆ ಕಾಲುಗಳನ್ನು ಅಗಲಿಸಿ, ಒಂದೇ ಸರಳರೇಖೆಯ ಮೇಲೆ ಎಡಕ್ಕೂ ಬಲಕ್ಕೂ ಸರಿಯುವುದಷ್ಟೇ. ನೋಡುವವರಿಗೆ ಅದರಲ್ಲಿ ಏನೂ ಸೊಗಸು ಕಾಣದು. ಆದರೆ ಕರಾಟೆಯ ಬುನಾದಿ ಇರುವುದು ನೈಹಾಂಚಿಯಲ್ಲಿ ಸೊಂಟ ಮತ್ತು ಕಾಲುಗಳನ್ನು ಇರಿಸುವ ರೀತಿಯಲ್ಲಿ ಎಂಬುದು ಮೊಟೊಬು ಅವರ ನಿಲುವಾಗಿತ್ತು. 1932ರಲ್ಲಿ ಪ್ರಕಟಿಸಿದ ತಮ್ಮ ಪುಸ್ತಕದಲ್ಲಿ ಅವರು ಈ ಕಟಾವನ್ನೇ ಛಾಯಾಚಿತ್ರಗಳ ಸಹಿತ ವಿವರಿಸಿದ್ದಾರೆ.

ಜಪಾನಿನ ಮುಖ್ಯಭೂಮಿಗೆ ಕರಾಟೆಯನ್ನು ಪರಿಚಯಿಸಿದವರಲ್ಲಿ ಪ್ರಮುಖರಾದ ಗಿಚಿನ್ ಫುನಾಕೋಶಿ (1868–1957) ವೃತ್ತಿಯಿಂದ ಶಾಲಾ ಶಿಕ್ಷಕರು. ರಾತ್ರಿಯ ಹೊತ್ತು ತಮ್ಮ ಗುರು ಅಂಕೊ ಅಜಾಟೊ ಅವರ ಮನೆಯಂಗಳದಲ್ಲಿ ಒಂದೇ ಕಟಾವನ್ನು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ, ಗುರುವಿಗೆ ತೃಪ್ತಿಯಾಗುವವರೆಗೆ ಮಾಡುತ್ತಿದ್ದುದನ್ನು ಅವರು ಆತ್ಮಕಥೆಯಲ್ಲಿ ನೆನೆದಿದ್ದಾರೆ. 1922ರಲ್ಲಿ ಟೋಕಿಯೊಗೆ ಬಂದಾಗ ಜೂಡೊ ಸ್ಥಾಪಕರಾದ ಜಿಗೊರೊ ಕಾನೊ ಅವರ ಆಹ್ವಾನದ ಮೇರೆಗೆ ಕೊಡೊಕಾನ್ ಸಭಾಂಗಣದಲ್ಲಿ ಪ್ರಾತ್ಯಕ್ಷಿಕೆ ನೀಡಿದರು. ಅಲ್ಲಿ ಅವರು ಮಾಡಿದ ಕಟಾ ‘ಕುಶಾಂಕು’. ಜೊತೆಗಿದ್ದ ತರುಣ ಶಿಂಕಿನ್ ಗಿಮಾ ನೈಹಾಂಚಿಯನ್ನು ಮಾಡಿ ತೋರಿಸಿದರು. ಹೊಸ ಊರಿನಲ್ಲಿ, ಅಪರಿಚಿತರಾದ ಪಂಡಿತರ ಎದುರು ತಮ್ಮ ಕಲೆಯ ಮಾನವನ್ನು ಒಂದೇ ಕಟಾದ ಮೇಲೆ ಒತ್ತೆಯಿಡಬೇಕಾದ ಗಳಿಗೆಯಲ್ಲಿ ಅವರು ಕುಶಾಂಕುವನ್ನು ಆರಿಸಿದ್ದು ಗಮನಾರ್ಹ. ಶೋಟೊಕಾನ್ ಪರಂಪರೆಯಲ್ಲಿ ಅದನ್ನು ಅವರ ಮೆಚ್ಚಿನ ಕಟಾ ಎಂದೇ ಪರಿಗಣಿಸಲಾಗಿದೆ.

ಕುಶಾಂಕು ಎಂಬುದು ಚೀನಾದಿಂದ ಓಕಿನಾವಾಕ್ಕೆ ಬಂದ ಒಬ್ಬ ವ್ಯಕ್ತಿಯ ಹೆಸರೆಂದು ಪ್ರತೀತಿ. ಫುನಾಕೋಶಿಯವರು ಕಟಾಗಳ ಹೆಸರುಗಳನ್ನು ಜಪಾನಿಗೊಳಿಸಿದಾಗ ಇದು ‘ಕಾಂಕು’ ಆಯಿತು. ಕಾಂಕು ಎಂದರೆ ಆಗಸವನ್ನು ನೋಡುವುದು. ಕಟಾದ ಆರಂಭದಲ್ಲಿ ಅಂಗೈಗಳನ್ನು ಜೋಡಿಸಿ ತಲೆಯ ಮೇಲಕ್ಕೆ ಎತ್ತಿ, ಬೆರಳುಗಳ ನಡುವಿನ ತ್ರಿಕೋನದ ಮೂಲಕ ಮೇಲೆ ನೋಡುವುದರಿಂದ ಈ ಹೆಸರು ಒಪ್ಪುತ್ತದೆ. ಹೆಸರಿನಲ್ಲಿರುವ ‘ಕು’ ಎಂಬ ಅಕ್ಷರಕ್ಕೆ ಆಕಾಶ ಎಂಬುದಲ್ಲದೆ ಶೂನ್ಯ ಎಂಬ ಅರ್ಥವೂ ಇದೆ. ‘ಕರಾಟೆ’ ಪದದ ‘ಕರಾ’ ಬರೆಯುವುದೂ ಇದೇ ಅಕ್ಷರದಿಂದ. ಹಿಂದೆ ಆ ಸ್ಥಾನದಲ್ಲಿ ಚೀನಾ ಎಂಬ ಅರ್ಥದ ಅಕ್ಷರವನ್ನು ಬಳಸಲಾಗುತ್ತಿತ್ತು. ಶೂನ್ಯಾರ್ಥದ ಅಕ್ಷರವನ್ನು ರೂಢಿಗೆ ತರಲು ಶ್ರಮಿಸಿದವರಲ್ಲಿ ಫುನಾಕೋಶಿಯವರೂ ಒಬ್ಬರು. ಕಾಂಕು-ದಾಯ್ ಇಂದು 65 ಚಲನೆಗಳ ದೀರ್ಘ ಕಟಾ. ಐದು ಹೇಯಾನ್‌ಗಳನ್ನು ಕಲಿತವರಿಗೆ ಇದರಲ್ಲಿ ಹೆಜ್ಜೆಹೆಜ್ಜೆಗೂ ಪರಿಚಿತ ತುಣುಕುಗಳು ಎದುರಾಗುತ್ತವೆ. ಇಟೊಸು ಅವರು ಪಿನಾನ್ ಸರಣಿಗೆ ಬೇಕಾದ ಸಾಮಗ್ರಿಯನ್ನು ಬಹುಮಟ್ಟಿಗೆ ಕುಶಾಂಕುವಿನಿಂದಲೇ ಆರಿಸಿಕೊಂಡರೆಂಬ ಅಭಿಪ್ರಾಯಕ್ಕೆ ಇದೇ ಆಧಾರ.

ಕುಶಾಂಕುವಿನ ಇನ್ನೊಂದು ಪಾಠಾಂತರದ ಕಥೆ ಚೋಟೊಕು ಕ್ಯಾನ್ (1870–1945) ಅವರೊಡನೆ ಹೆಣೆದುಕೊಂಡಿದೆ. ಸಣ್ಣ ಮೈಕಟ್ಟಿನ, ದೃಷ್ಟಿ ಮಂದವಾಗಿದ್ದ ಕ್ಯಾನ್ ಅವರನ್ನು ಊರವರು ‘ಚಾನ್ ಮೀಗ್ವಾ’, ಅಂದರೆ ಸಣ್ಣಕಣ್ಣಿನ ಕ್ಯಾನ್, ಎಂದು ಕರೆಯುತ್ತಿದ್ದರು. ಅವರು ತಮ್ಮ ಕೆಲವೇ ಕಟಾಗಳನ್ನು ಒಬ್ಬ ಗುರುವಿನಿಂದಲ್ಲ, ಬೇರೆ ಬೇರೆ ಹಿರಿಯರನ್ನು ಹುಡುಕಿಕೊಂಡು ಹೋಗಿ ಪಡೆದರು. ಪಸ್ಸಾಯ್ ಒಬ್ಬರಿಂದ ಬಂದರೆ ವಾನ್ಶು ಇನ್ನೊಬ್ಬರಿಂದ ಬಂದಿತು. ಕುಶಾಂಕುವನ್ನು ಯೋಮಿಟಾನ್ ಹಳ್ಳಿಯ ಯಾರಾ ಎಂಬ ಹಿರಿಯರಿಂದ ಕಲಿತರು. ‘ಚಾಟಾನ್ಯಾರಾ ಕುಶಾಂಕು’ ಎಂಬ ಹೆಸರಿನಲ್ಲಿರುವುದು ಚಾಟಾನ್ ಎಂಬ ಊರು ಮತ್ತು ಯಾರಾ ಎಂಬ ಮನೆತನ. ದೂರದ ಯಾಯೆಯಾಮಾ ದ್ವೀಪಗಳಲ್ಲಿದ್ದ ಟೊಕುಮಿನೆ ಎಂಬ ದೊಣ್ಣೆವರಸೆಯ ನಿಪುಣರನ್ನು ಹುಡುಕಿಕೊಂಡು ಕ್ಯಾನ್ ಹೋದಾಗ ಅವರು ಆಗಲೇ ತೀರಿಕೊಂಡಿದ್ದರಂತೆ. ಅವರಿಂದ ಆ ವರಸೆಯನ್ನು ಕಲಿತಿದ್ದ ಮನೆಯ ಯಜಮಾನನಿಂದ ಕ್ಯಾನ್ ಅದನ್ನು ಉಳಿಸಿಕೊಂಡು ಬಂದರೆಂದು ಅವರ ಶಿಷ್ಯಪರಂಪರೆಯಲ್ಲಿ ಹೇಳಲಾಗುತ್ತದೆ. ಬರಹವಿಲ್ಲದ ವಿದ್ಯೆಯೊಂದು ಎಷ್ಟು ತೆಳುವಾದ ಎಳೆಯ ಮೇಲೆ ನಿಂತಿರುತ್ತದೆ ಎಂಬುದಕ್ಕೆ ಈ ಕಥೆ ಸಾಕ್ಷಿ. 1945ರ ಓಕಿನಾವಾ ಯುದ್ಧವು ದ್ವೀಪವನ್ನು ನುಚ್ಚುನೂರಾಗಿಸಿತು. ಯುದ್ಧದಿಂದ ಬದುಕುಳಿದ ಕ್ಯಾನ್ ಅದೇ ವರ್ಷ ಆಹಾರದ ಕೊರತೆಯ ನಡುವೆ ತೀರಿಕೊಂಡರು.

ಗೋಜು-ರ‍್ಯು ಸ್ಥಾಪಕರಾದ ಚೋಜುನ್ ಮಿಯಾಗಿ (1888–1953) ಅವರಿಗೂ ಅದೇ ಯುದ್ಧ ದೊಡ್ಡ ಪೆಟ್ಟು ಕೊಟ್ಟಿತು. ಅವರ ಹಿರಿಯ ಶಿಷ್ಯರಾದ ಜಿನಾನ್ ಶಿಂಜಾಟೊ ಅದರಲ್ಲಿ ಮಡಿದರು. ಮಿಯಾಗಿಯವರ ಸಾಧನೆಯ ಕೇಂದ್ರ ‘ಸಾಂಚಿನ್’, ಅಂದರೆ ಮೂರು ಕದನಗಳು. ನಿಂತ ನೆಲವನ್ನು ಕಾಲಿನಿಂದ ಹಿಡಿದುಕೊಂಡು, ಮೈಯ ಸ್ನಾಯುಗಳನ್ನೆಲ್ಲ ಬಿಗಿದು, ಆಳವಾದ ಉಸಿರಾಟದೊಂದಿಗೆ ಕೆಲವೇ ಹೆಜ್ಜೆಗಳಲ್ಲಿ ಮುಗಿಯುವ ಈ ಕಟಾವನ್ನು ಅವರು ತಮ್ಮ ಗುರು ಕಾನ್ರ‍್ಯೊ ಹಿಗಾವೊನ್ನ (1853–1915) ಅವರಿಂದ ಪಡೆದರು. ಸಾಧಕನು ಸಾಂಚಿನ್ ಮಾಡುತ್ತಿರುವಾಗ ಗುರುವು ಭುಜ, ಬೆನ್ನು, ತೊಡೆಗಳನ್ನು ಅಂಗೈಯಿಂದ ತಟ್ಟಿ ಬಿಗಿತವನ್ನು ಪರೀಕ್ಷಿಸುವ ಪದ್ಧತಿ ಇಂದಿಗೂ ಇದೆ. ಮಿಯಾಗಿಯವರು ಎಲ್ಲ ಶಿಷ್ಯರಿಗೂ ಸಾಂಚಿನ್ ಕಲಿಸಿ, ಉಳಿದ ಕಟಾಗಳನ್ನು ಮಾತ್ರ ಶಿಷ್ಯನ ಮೈಕಟ್ಟು ಮತ್ತು ಸ್ವಭಾವ ನೋಡಿ ಹಂಚುತ್ತಿದ್ದರೆಂದು ಆ ಪರಂಪರೆಯವರು ಹೇಳುತ್ತಾರೆ. ಟೊಕುಯಿ ಕಟಾವನ್ನು ಶಿಷ್ಯನೇ ಆರಿಸಬೇಕೋ ಗುರುವೇ ಗುರುತಿಸಿ ಕೊಡಬೇಕೋ ಎಂಬ ಚರ್ಚೆಯಲ್ಲಿ ಇವರ ನಿದರ್ಶನವನ್ನು ಆಗಾಗ ಎತ್ತಿಕೊಳ್ಳಲಾಗುತ್ತದೆ.

ಹೆಚ್ಚಾಗಿ ಮೆಚ್ಚುಗೆ ಪಡೆದಿರುವ ಕಟಾಗಳು

ಶೋಟೊಕಾನ್ ಶೈಲಿಯವರಲ್ಲಿ ಬಸ್ಸಾಯ್-ದಾಯ್, ಕಾಂಕು-ದಾಯ್, ಜಿಯೋನ್, ಎಂಪಿ, ಗಾಂಕಾಕು, ಸೋಚಿನ್ ಮತ್ತು ಉನ್ಸು ಹೆಚ್ಚಾಗಿ ಕೇಳಿಬರುವ ಹೆಸರುಗಳು. ಬಸ್ಸಾಯ್ ಎಂಬ ಹೆಸರನ್ನು ‘ಕೋಟೆಯನ್ನು ಭೇದಿಸುವುದು’ ಎಂದು ಅರ್ಥೈಸುವುದು ವಾಡಿಕೆ. ಸೊಂಟದ ತಿರುವಿನಿಂದ ಬಲವನ್ನು ಹೊರಡಿಸುವುದು ಇದರ ಜೀವಾಳ. ಕಪ್ಪು ಪಟ್ಟಿಗೆ ಮೊದಲು ಬಹುತೇಕರು ಇದನ್ನು ಕಲಿಯುವುದರಿಂದ ಹಲವರಿಗೆ ಇದೇ ಮೊದಲ ಟೊಕುಯಿ ಕಟಾ ಆಗಿರುತ್ತದೆ. ಎಂಪಿ ಎಂದರೆ ಹಾರುವ ಕವಲುತೋಕೆ ಹಕ್ಕಿ. 37 ಚಲನೆಗಳ ಈ ಕಟಾದಲ್ಲಿ ಮೈ ಮೇಲೇರಿ ಕೆಳಗಿಳಿಯುತ್ತ, ಥಟ್ಟನೆ ದಿಕ್ಕು ಬದಲಿಸುತ್ತ ಸಾಗುತ್ತದೆ. ಗಾಂಕಾಕು ಎಂದರೆ ಬಂಡೆಯ ಮೇಲಿನ ಕೊಕ್ಕರೆ. ಒಂಟಿ ಕಾಲಿನಲ್ಲಿ ನಿಂತು, ಅಲ್ಲಿಂದಲೇ ಒದೆಯುವ ಭಂಗಿಯು ಇದರಲ್ಲಿ ಮತ್ತೆ ಮತ್ತೆ ಬರುತ್ತದೆ. ಜಿಯೋನ್‌ನಲ್ಲಿ ಇಂಥ ಬೆರಗು ಯಾವುದೂ ಇಲ್ಲ. ಎಲ್ಲವೂ ಮೂಲಪಾಠಗಳೇ. ಆದ್ದರಿಂದಲೇ ಅದರಲ್ಲಿ ತಪ್ಪನ್ನು ಮುಚ್ಚಿಡಲು ಎಡೆಯಿಲ್ಲ.

ಉನ್ಸು, ಅಂದರೆ ಮೋಡದ ಕೈಗಳು, ತರುಣರ ಕಣ್ಣು ಸೆಳೆಯುವ ಕಟಾ. ಕೊನೆಯ ಭಾಗದಲ್ಲಿ ಗಾಳಿಯಲ್ಲಿ ಪೂರ್ತಿ ಒಂದು ಸುತ್ತು ತಿರುಗಿ ಒದ್ದು ನೆಲಕ್ಕೆ ಕವುಚಿ ಇಳಿಯುವ ನೆಗೆತವಿದೆ. ಮಿಕಿಯೊ ಯಾಹಾರಾ ಅವರ ಉನ್ಸು ಶೋಟೊಕಾನ್ ವಲಯದಲ್ಲಿ ಮಾತಿಗೆ ಮೀರಿದ ಪ್ರಸಿದ್ಧಿ ಪಡೆದಿದೆ. ಯೋಶಿಹಾರು ಓಸಾಕಾ ಅವರ ಹೆಸರು ಭದ್ರವಾಗಿ ನೆಲಕ್ಕೂರಿದ ನಿಲುವಿನ ಸೋಚಿನ್‌ನೊಂದಿಗೆ ಅಂಟಿಕೊಂಡಿದೆ. ಇಬ್ಬರೂ ಒಂದೇ ಸಂಘಟನೆಯಲ್ಲಿ ಬೆಳೆದವರು. ಅವರ ಕಟಾಗಳು ಇಷ್ಟು ಬೇರೆಯಾಗಿರುವುದು ಪ್ರತಿಯೊಬ್ಬರೂ ತಮ್ಮ ಮೈಗೆ ತಕ್ಕದ್ದನ್ನು ಕಂಡುಕೊಂಡುದರ ಫಲ.

ಗೋಜು-ರ‍್ಯು ಶೈಲಿಯ ಸೇಯುಂಚಿನ್‌ನಲ್ಲಿ ಒಂದೂ ಒದೆತವಿಲ್ಲ. ಹಿಡಿದು ಎಳೆಯುವ, ಸಮತೋಲನ ಕೆಡಿಸುವ ತಂತ್ರಗಳೇ ಅದರ ತುಂಬ ಇವೆ. ಅದೇ ಶೈಲಿಯ ಅತ್ಯಂತ ದೀರ್ಘ ಕಟಾ ಸೂಪಾರಿಂಪೇ. ಶಿಟೊ-ರ‍್ಯು ಶೈಲಿಯವರು ಸಹ ಅದನ್ನು ಅಭ್ಯಸಿಸುತ್ತಾರೆ. ವಾಡೊ-ರ‍್ಯು ಶೈಲಿಯಲ್ಲಿ ಸೇಶಾನ್ ಮತ್ತು ಚಿಂಟೊ ಮುಖ್ಯ. ಈ ಚಿಂಟೊ ಮತ್ತು ಮೇಲೆ ಹೇಳಿದ ಗಾಂಕಾಕು ಒಂದೇ ಮೂಲದ ಎರಡು ರೂಪಗಳು.

ಆಯ್ಕೆಯ ಬಗೆ

ಟೊಕುಯಿ ಕಟಾವನ್ನು ಆರಿಸಿಕೊಳ್ಳಲು ಲಿಖಿತ ನಿಯಮವಿಲ್ಲ. ಹಗುರ ಮೈಯವರಿಗೆ ಎಂಪಿ ಅಥವಾ ಉನ್ಸು, ದೃಢಕಾಯರಿಗೆ ಸೋಚಿನ್, ಜಿಟ್ಟೆ ಅಥವಾ ಹಾಂಗೆಟ್ಸು ಎಂಬುದು ಡೋಜೊಗಳಲ್ಲಿ, ಅಂದರೆ ಕರಾಟೆ ಶಾಲೆಗಳಲ್ಲಿ, ಕೇಳಿಬರುವ ಸಾಮಾನ್ಯ ಸಲಹೆ. ಇದನ್ನು ಕಟ್ಟುನಿಟ್ಟಾಗಿ ತೆಗೆದುಕೊಳ್ಳಬೇಕಾಗಿಲ್ಲ. ಸಣ್ಣ ದೇಹದವರು ಸಾಂಚಿನ್‌ನಲ್ಲಿ ನೆಲೆ ಕಂಡ ನಿದರ್ಶನಗಳು ಬೇಕಾದಷ್ಟಿವೆ. ಕೆಲವು ಶಿಕ್ಷಕರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ತನಗೆ ಒಗ್ಗುವ ಒಂದು ಕಟಾದ ಜೊತೆಗೆ ಒಗ್ಗದ ಒಂದನ್ನೂ ಇರಿಸಿಕೊಳ್ಳಬೇಕೆಂದು ಹೇಳುತ್ತಾರೆ. ಮೊದಲನೆಯದು ಬಲವನ್ನು ಬೆಳೆಸಿದರೆ ಎರಡನೆಯದು ಕೊರತೆಯನ್ನು ತೋರಿಸಿಕೊಡುತ್ತದೆ.

ವಯಸ್ಸಿನೊಡನೆ ಆಯ್ಕೆಯೂ ಬದಲಾಗುತ್ತದೆ. ಇಪ್ಪತ್ತರ ಹರೆಯದಲ್ಲಿ ಉನ್ಸುವಿನ ನೆಗೆತಕ್ಕೆ ಮನಸೋತವರು ಮೊಣಕಾಲು ಮಾತು ಕೇಳದಿರುವ ವಯಸ್ಸಿನಲ್ಲಿ ಟೆಕ್ಕಿಗೆ ಮರಳುವುದು ಅಪರೂಪವಲ್ಲ. ನೈಹಾಂಚಿಗೆ ಫುನಾಕೋಶಿಯವರು ಕೊಟ್ಟ ಹೆಸರೇ ಟೆಕ್ಕಿ. ನಾಲ್ಕು ಹೆಜ್ಜೆಯ ಜಾಗವಿದ್ದರೂ ಇದನ್ನು ಮಾಡಬಹುದಾದುದರಿಂದ ಸಣ್ಣ ಮನೆಯಲ್ಲಿ ಒಬ್ಬರೇ ಅಭ್ಯಾಸ ಮಾಡುವವರಿಗೂ ಇದು ಅನುಕೂಲ.

ಆಯ್ಕೆಗಿಂತ ಮುಖ್ಯವಾದದ್ದು ಆಯ್ಕೆಯ ಅನಂತರ ಮಾಡುವ ಕೆಲಸ. ಕ್ರಮವನ್ನು ಕಂಠಪಾಠ ಮಾಡುವುದು ಅದರ ಮೊದಲ ಹಂತ ಮಾತ್ರ. ಪ್ರತಿಯೊಂದು ಚಲನೆಯನ್ನೂ ಬಿಡಿಸಿ, ಎದುರಿಗೆ ನಿಜವಾದ ಜೊತೆಗಾರನನ್ನು ನಿಲ್ಲಿಸಿಕೊಂಡು, ಅದು ಯಾವ ಹಿಡಿತಕ್ಕೆ, ಯಾವ ಹೊಡೆತಕ್ಕೆ ಉತ್ತರ ಎಂದು ಶೋಧಿಸುವುದಕ್ಕೆ ‘ಬುಂಕಾಯ್’ ಎಂದು ಹೆಸರು. ತಡೆಯಂತೆ ಕಾಣುವ ಕೈ ತೋಳನ್ನು ಮುರಿಯುವ ಪಟ್ಟಾಗಿರಬಹುದು. ತಿರುವಿನಂತೆ ಕಾಣುವ ಹೆಜ್ಜೆ ಎದುರಾಳಿಯನ್ನು ಎತ್ತಿ ಹಾಕುವ ತಂತ್ರವಾಗಿರಬಹುದು. ಹತ್ತು ಕಟಾಗಳನ್ನು ಹೀಗೆ ಬಿಡಿಸಿ ನೋಡಲು ಯಾರಿಗೂ ಬಿಡುವಿರುವುದಿಲ್ಲ, ಒಂದನ್ನು ಬಿಡಿಸಿ ನೋಡಬಹುದು. ಟೊಕುಯಿ ಕಟಾದ ಪರಿಕಲ್ಪನೆಗೆ ಇರುವ ಅತ್ಯಂತ ಬಲವಾದ ಸಮರ್ಥನೆ ಇದೇ.

ಪರೀಕ್ಷೆಗಳಲ್ಲಿ ಈ ಪದಕ್ಕೆ ಸೀಮಿತವಾದ ಅರ್ಥವಿದೆ. ಶೋಟೊಕಾನ್ ಶೈಲಿಯ ಅನೇಕ ಸಂಘಟನೆಗಳು ಕಪ್ಪು ಪಟ್ಟಿಯ ಮೊದಲ ಹಂತದ ಅಭ್ಯರ್ಥಿಗೆ ಬಸ್ಸಾಯ್-ದಾಯ್, ಕಾಂಕು-ದಾಯ್, ಜಿಯೋನ್, ಎಂಪಿ, ಹಾಂಗೆಟ್ಸು ಮೊದಲಾದವುಗಳಲ್ಲಿ ಒಂದನ್ನು ಟೊಕುಯಿ ಕಟಾ ಎಂದು ಆರಿಸಲು ಅವಕಾಶ ಕೊಡುತ್ತವೆ. ಅದರ ಜೊತೆಗೆ ಪರೀಕ್ಷಕರು ತಮಗೆ ಬೇಕಾದ ಇನ್ನೊಂದು ಮೂಲ ಕಟಾವನ್ನೂ ಕೇಳಬಹುದು.

ಸ್ಪರ್ಧೆಗಳಲ್ಲಿ

ವಿಶ್ವ ಕರಾಟೆ ಚಾಂಪಿಯನ್‌ಷಿಪ್ 1970ರಲ್ಲಿ ಟೋಕಿಯೊದಲ್ಲಿ ಆರಂಭವಾಯಿತು. ಕಟಾ ವಿಭಾಗ ಅದಕ್ಕೆ ಸೇರಿದ್ದು 1977ರಲ್ಲಿ. ಸ್ಪರ್ಧೆಯ ನಿಯಮಗಳಲ್ಲಿ ಬಹುಕಾಲ ಎರಡು ಬಗೆಯ ಕಟಾಗಳಿದ್ದವು. ಆರಂಭದ ಸುತ್ತುಗಳಿಗೆ ‘ಶಿಟೇ’ ಎಂಬ ಕಡ್ಡಾಯ ಕಟಾಗಳು. ನಾಲ್ಕು ಪ್ರಮುಖ ಶೈಲಿಗಳಿಂದ ಎರಡೆರಡರಂತೆ ಇವು ಎಂಟು: ಜಿಯೋನ್, ಕಾಂಕು-ದಾಯ್, ಸೇಪಾಯ್, ಸಾಯ್ಫಾ, ಬಸ್ಸಾಯ್-ದಾಯ್, ಸೇಯೆಂಚಿನ್, ಸೇಶಾನ್ ಮತ್ತು ಚಿಂಟೊ. ಅವುಗಳನ್ನು ದಾಟಿದವರು ಮುಂದಿನ ಸುತ್ತುಗಳಲ್ಲಿ ತಮ್ಮ ಟೊಕುಯಿ ಕಟಾ ಮಾಡುತ್ತಿದ್ದರು. ಮುಂದೆ ಈ ವಿಂಗಡಣೆಯನ್ನು ಕೈಬಿಟ್ಟು, 102 ಕಟಾಗಳ ಅಧಿಕೃತ ಪಟ್ಟಿಯಿಂದ ಯಾವುದನ್ನಾದರೂ ಆರಿಸಬಹುದೆಂಬ ನಿಯಮ ಬಂದಿತು. ಆದರೆ ಒಂದೇ ಪಂದ್ಯಾವಳಿಯಲ್ಲಿ ಒಮ್ಮೆ ಮಾಡಿದ್ದನ್ನು ಮತ್ತೆ ಮಾಡುವಂತಿಲ್ಲವಾದ್ದರಿಂದ ಸ್ಪರ್ಧಾಳುವಿಗೆ ಒಂದು ಮೆಚ್ಚಿನ ಕಟಾ ಸಾಲದು. ನಾಲ್ಕಾರನ್ನು ಸಿದ್ಧಪಡಿಸಿಕೊಂಡು, ಅತ್ಯುತ್ತಮವಾದದ್ದನ್ನು ಅಂತಿಮ ಸುತ್ತಿಗೆ ಕಾದಿರಿಸಬೇಕು.

ಕೆಲವು ಹೆಸರುಗಳು ಕೆಲವು ಕಟಾಗಳಿಂದಲೇ ನೆನಪಿನಲ್ಲಿ ಉಳಿದಿವೆ. 1984, 1986 ಮತ್ತು 1988ರಲ್ಲಿ ವಿಶ್ವ ಚಾಂಪಿಯನ್ ಆದ ಓಕಿನಾವಾದ ಟ್ಸುಗುವೊ ಸಾಕುಮೊಟೊ ಅವರು ರ‍್ಯುಯೇ-ರ‍್ಯು ಶೈಲಿಯ ‘ಆನಾನ್’ ಕಟಾವನ್ನು ಜಗತ್ತಿಗೆ ಪರಿಚಯಿಸಿದರು. ಒಂದು ಮನೆತನದ ಒಳಗೆ ಉಳಿದುಬಂದಿದ್ದ ಶೈಲಿಯದು. 1998ರಿಂದ 2004ರವರೆಗೆ ಸತತ ನಾಲ್ಕು ಬಾರಿ ಗೆದ್ದ ಅಟ್ಸುಕೊ ವಾಕಾಯ್ ಅವರ ಸೂಪಾರಿಂಪೇ ಮಾದರಿಯೆನಿಸಿತು. 2012ರಲ್ಲಿ ಪ್ಯಾರಿಸ್‌ನಲ್ಲಿ ರಿಕಾ ಉಸಾಮಿ ಅವರು ಚಾಟಾನ್ಯಾರಾ ಕುಶಾಂಕು ಮಾಡಿ ಚಿನ್ನ ಗೆದ್ದರು. ಆ ಪ್ರದರ್ಶನದ ದೃಶ್ಯಮುದ್ರಿಕೆಯನ್ನು ನೋಡಿಯೇ ಅದೆಷ್ಟೋ ಎಳೆಯರು ಆ ಕಟಾವನ್ನು ತಮ್ಮದಾಗಿಸಿಕೊಂಡರು.

ಕೋವಿಡ್ ಕಾರಣದಿಂದ 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಕರಾಟೆ ಮೊದಲ ಬಾರಿಗೆ ಸೇರ್ಪಡೆಯಾಯಿತು. ಏಳು ತೀರ್ಪುಗಾರರು ತಾಂತ್ರಿಕ ಗುಣಕ್ಕೆ ಶೇ. 70, ದೈಹಿಕ ಸಾಮರ್ಥ್ಯಕ್ಕೆ ಶೇ. 30ರ ತೂಕದಂತೆ ಅಂಕ ನೀಡುವ ವ್ಯವಸ್ಥೆ ಅಲ್ಲಿತ್ತು. ಮಹಿಳೆಯರ ಅಂತಿಮ ಸುತ್ತಿನಲ್ಲಿ ಸ್ಪೇನ್ ದೇಶದ ಸಾಂಡ್ರಾ ಸ್ಯಾಂಚೆಜ್ ಮತ್ತು ಜಪಾನಿನ ಕಿಯೌ ಶಿಮಿಜು ಇಬ್ಬರೂ ಆರಿಸಿದ್ದು ಒಂದೇ ಕಟಾವನ್ನು, ಚಾಟಾನ್ಯಾರಾ ಕುಶಾಂಕುವನ್ನು. 28.06 ಅಂಕ ಪಡೆದ ಸ್ಯಾಂಚೆಜ್ 27.88 ಅಂಕ ಪಡೆದ ಶಿಮಿಜು ಅವರನ್ನು ಹಿಂದಿಕ್ಕಿದರು. ಪುರುಷರ ವಿಭಾಗದಲ್ಲಿ ಸಾಕುಮೊಟೊ ಅವರ ಶಿಷ್ಯ, ಓಕಿನಾವಾದ ರ‍್ಯೊ ಕಿಯುನಾ ‘ಓಹಾನ್-ದಾಯ್’ ಕಟಾದಿಂದ 28.72 ಅಂಕ ಗಳಿಸಿ ಚಿನ್ನ ಪಡೆದರು. ಪದಕ ಪ್ರದಾನದ ವೇದಿಕೆಯಲ್ಲಿ ಅವರ ಕೈಯಲ್ಲಿ ಅಗಲಿದ ತಾಯಿಯ ಭಾವಚಿತ್ರವಿತ್ತು. ಕರಾಟೆ ಹುಟ್ಟಿದ ದ್ವೀಪಕ್ಕೆ ವೈಯಕ್ತಿಕ ವಿಭಾಗದಲ್ಲಿ ದೊರೆತ ಮೊದಲ ಒಲಿಂಪಿಕ್ ಚಿನ್ನ ಅದು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕರಾಟೆಗೆ ಸ್ಥಾನ ಸಿಗಲಿಲ್ಲ.

ಟೀಕೆ

ಪಟ್ಟಿಯಲ್ಲಿ 102 ಕಟಾಗಳಿದ್ದರೂ ಪದಕದ ಸುತ್ತುಗಳಲ್ಲಿ ಕಾಣುವುದು ಬೆರಳೆಣಿಕೆಯವು. ಸೂಪಾರಿಂಪೇ, ಚಾಟಾನ್ಯಾರಾ ಕುಶಾಂಕು, ಆನಾನ್, ಓಹಾನ್ ಮುಂತಾದವು ದೀರ್ಘವಾಗಿದ್ದು ವೇಗ, ನೆಗೆತ, ಸಮತೋಲನಗಳನ್ನು ಮೆರೆಸಲು ಎಡೆಮಾಡಿಕೊಡುತ್ತವೆ. ನೈಹಾಂಚಿಯಂತಹ ಅಡಕವಾದ ಕಟಾ ಮಾಡಿ ಅಂಕ ಗಳಿಸುವುದು ಕಷ್ಟ. ಕರಾಟೆಯ ಬುನಾದಿ ಎಂದು ಮೊಟೊಬು ನಂಬಿದ್ದ ಕಟಾಕ್ಕೇ ಸ್ಪರ್ಧಾಕಣದಲ್ಲಿ ಬೆಲೆಯಿಲ್ಲದಿರುವುದನ್ನು ಸಂಪ್ರದಾಯಸ್ಥರು ಎತ್ತಿ ತೋರಿಸುತ್ತಾರೆ. ಪ್ರಭಾವಕ್ಕಾಗಿ ನಡುನಡುವೆ ನಿಲುಗಡೆಗಳನ್ನು ಹಿಗ್ಗಿಸುವುದು, ಒದೆತದ ಎತ್ತರವನ್ನು ಹೆಚ್ಚಿಸುವುದು, ಚಲನೆಯ ಉದ್ದೇಶಕ್ಕಿಂತ ನೋಟಕ್ಕೆ ಮಹತ್ವ ಕೊಡುವುದು ಇವೂ ಆಕ್ಷೇಪಕ್ಕೆ ಗುರಿಯಾಗಿವೆ. ಇಂದಿನ ಸ್ಪರ್ಧೆಗಳಲ್ಲಿ ಕಾಣುವ ಚಾಟಾನ್ಯಾರಾ ಕುಶಾಂಕುವಿಗೂ ಕ್ಯಾನ್ ಅವರ ಶಿಷ್ಯಪರಂಪರೆಯ ಡೋಜೊಗಳಲ್ಲಿ ಉಳಿದುಬಂದಿರುವ ರೂಪಗಳಿಗೂ ಸಾಕಷ್ಟು ಅಂತರವಿದೆ.

ಸ್ಪರ್ಧೆಯ ಪರವಾಗಿಯೂ ಹೇಳಬೇಕಾದ ಮಾತುಗಳಿವೆ. ಒಂದು ಮನೆತನದ ಅಂಗಳದಲ್ಲಿ ಮುಗಿದುಹೋಗಬಹುದಾಗಿದ್ದ ಆನಾನ್ ಇಂದು ಐದು ಖಂಡಗಳಲ್ಲಿ ಅಭ್ಯಾಸದಲ್ಲಿದೆ. ತಂಡ ವಿಭಾಗದ ಪದಕದ ಸುತ್ತುಗಳಲ್ಲಿ ಕಟಾದ ಬೆನ್ನಿಗೇ ಬುಂಕಾಯ್ ಪ್ರದರ್ಶನವನ್ನೂ ಕಡ್ಡಾಯಗೊಳಿಸಿರುವುದರಿಂದ ಚಲನೆಗಳ ಅರ್ಥವು ನಿಯಮಾವಳಿಯಿಂದ ಪೂರ್ತಿಯಾಗಿ ಹೊರಗುಳಿದಿಲ್ಲ. ಆದರೂ ಆ ಪ್ರದರ್ಶನಗಳಲ್ಲಿ ಹಲವು ಹೋರಾಟಕ್ಕಿಂತ ದೊಂಬರಾಟವನ್ನೇ ಹೆಚ್ಚಾಗಿ ನೆನಪಿಸುತ್ತವೆ.

ಓಕಿನಾವಾ ತನ್ನದೇ ಆದ ಉತ್ತರವೊಂದನ್ನು ಕಂಡುಕೊಂಡಿದೆ. 2017ರಲ್ಲಿ ಅಲ್ಲಿ ‘ಓಕಿನಾವಾ ಕರಾಟೆ ಕಾಯ್ಕಾನ್’ ಎಂಬ ಭವನ ಆರಂಭವಾಯಿತು. ಮರುವರ್ಷ ನಡೆದ ಮೊದಲ ಓಕಿನಾವಾ ಅಂತಾರಾಷ್ಟ್ರೀಯ ಕರಾಟೆ ಪಂದ್ಯಾವಳಿಯಲ್ಲಿ ಎಲ್ಲರನ್ನೂ ಒಂದೇ ಅಳತೆಗೋಲಿನಿಂದ ಅಳೆಯದೆ, ಕಟಾಗಳನ್ನು ಶುರಿ ಮತ್ತು ಟೊಮಾರಿ ಪರಂಪರೆ, ನಾಹಾ ಪರಂಪರೆ, ಉಯೆಚಿ ಪರಂಪರೆ ಎಂದು ವಿಂಗಡಿಸಿ ಬೇರೆ ಬೇರೆಯಾಗಿ ಸ್ಪರ್ಧೆ ನಡೆಸಲಾಯಿತು. ಆಯುಧಗಳ ಕಟಾಗಳಿಗೂ ಪ್ರತ್ಯೇಕ ವಿಭಾಗಗಳಿದ್ದವು.